ಗುಳ್ಳೆ ನಿಲ್ಲುವ ಮುನ್ನ

ನನ್ನ ಕಾರಿನ ರೇಡಿಯೇಟರ್ ಬದಲಿಸಿದ ಕತ್ರಿಗುಪ್ಪೆಯ ಮೆಕ್ಯಾನಿಕ್ಕು, ರಾಹುಕಾಲ ಶುರುವಾಗುವ ಮೊದಲೇ ಹೊರಡಬೇಕೆಂದ ನನ್ನನ್ನು ತಡೆದಿದ್ದರು. "ರಾಹುಕಾಲ ತಾನಾಗೇ ಹೋಗತ್ತೆ ಸಾರ್, ರೇಡಿಯೇಟರ್ ಒಳಗಿರೋ ಗಾಳಿ ಹೋಗಲ್ಲ, ಅದು ಉಳಿದ್ರೆ ಇಂಜಿನ್ ಕಾಯತ್ತೆ. ಮುಚ್ಚಳ ತೆಗೆದು ಅರ್ಧ ಗಂಟೆ ಇಂಜಿನ್ ಓಡ್ಲಿ." ನಾನು ಕೇಳದೆ ಹೊರಟೆ. ಯಡಿಯೂರು ಕೆರೆಯ ಹತ್ತಿರ ಇಂಜಿನ್ ಕಾದು ಹೊಗೆಯೆದ್ದಿತು.

ಮರುದಿನ ಗಿರಾಕಿಗಳ ಎದುರೇ ಅವರ ಮೇಲೆ ಕೂಗಾಡಿದೆ. "ನಾನೂ ಇಂಜಿನಿಯರಿಂಗ್ ಓದಿದೀನಿ ಕಣ್ರೀ, ನಂಗೇ ಟೋಪಿ ಹಾಕ್ತೀರಾ?" ನಮ್ಮ ಮನೆಯಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು, ಅದನ್ನು ಹೋದಲ್ಲೆಲ್ಲ ಹೇಳುತ್ತೇನೆ.

ಅವರು ರಾಹುಕಾಲದ ಮಾತೆತ್ತಲಿಲ್ಲ. ತಣ್ಣಗಿದ್ದ ರೇಡಿಯೇಟರ್‌ನ ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿದರು. ಗಾಳಿ ಗುಳುಗುಳು ಎಂದು ಹೊರಬರತೊಡಗಿತು. ತಪ್ಪು ಯಾರದೆಂದು ನನಗೆ ಗೊತ್ತಾಯಿತು.

ಅಷ್ಟರಲ್ಲಿ ನನ್ನ ಕೂಗಾಟ ಕೇಳಿದ್ದ ಗಿರಾಕಿಯೊಬ್ಬರು, "ಬೇರೆ ಕಡೆ ತೋರಿಸ್ತೀನಿ ಬಿಡಿ" ಎಂದು ಗಾಡಿ ತಿರುಗಿಸಿಕೊಂಡು ಹೋದರು. ತಪ್ಪು ನನ್ನದೆಂದು ಕೂಗಿ ನಿಲ್ಲಿಸಬಹುದಿತ್ತು. ನಾನು ಗುಳ್ಳೆಗಳನ್ನೇ ನೋಡುತ್ತ ನಿಂತಿದ್ದೆ.