ಖಾತ್ರಿ ಕರೆಂಟಿನ ಲೈನ್‌ಮನ್

ನಾನು ಕಡ್ಲಿಬ್ಯಾಳಿ ಆರಿಸುತ್ತ ಕೂತಿದ್ದೆ. ನಮ್ಮ ಮಸಗುಪ್ಪಿಯ ಲೈನ್‌ಮನ್‌ಗೆ ಹುಕ್ಕೇರಿಗೆ ವರ್ಗ ಆತಂತ ಬಾಜೂಮನಿ ಕಾಕು ಬಂದು ಹೇಳಿದಳು.

ಆತ ನಮ್ಮ ಓಣಿಗೆ ಬಂದಾಗೆಲ್ಲ ಟೊಪ್ಪಿಗೆ ಹಿಂದೆ ಸರಿಸಿ, ನಮ್ಮ ಮಾಳಿಗೆಯ ಸೋಲಾರ್ ನೋಡಿ, “ಅಕ್ಕಾರ, ಮೋಡ ಬಂದ್ರ ನಿಮ್ಮ ಸೂರ್ಯಪ್ಪ ರಜಾ ಹಾಕ್ತಾನ. ನಮ್ಮ ಕಂಬದ ಕರೆಂಟ್ ಖಾತ್ರಿ!” ಅನ್ನುತ್ತಿದ್ದ.

ಹೋದ ಶ್ರಾವಣ ಸೋಮವಾರ ಬೆಳಗಿನಿಂದ ಜಿಟಿಜಿಟಿ ಮಳೆ. ನೈವೇದ್ಯದ ಹೋಳಿಗೆಗೆ ಬ್ಯಾಳಿ ಬೆಂದಿತ್ತು. ಸೋಲಾರಿಗೆ ಮಿಕ್ಸರ್ ತಿರುಗಲಿಲ್ಲ, ಕಂಬದ ಕರೆಂಟೂ ಹೋಯಿತು. ಶಿವ ಉಪವಾಸ ಕೂಡ್ತಾನಂತ ಹೆದರಿ ಆತನಿಗೆ ಫೋನ್ ಮಾಡಿದೆ. ತೊಯ್ಸಿಕೊಂಡೇ ಬಂದ.

“ಅಕ್ಕಾರ, ಗಿಡ ಬಿದ್ದು ತಂತಿ ಹರದೈತ್ರಿ. ಸಂಜಿತನಕ ಬರಂಗಿಲ್ಲ.”

“ಹಂಗಾರ ನಿನ್ನ ಖಾತ್ರಿ ಎಲ್ಲಿ ಹೋತೋ ತಮ್ಮಾ?”

ಆತ ಕೈಕಾಲು ತೊಳೆದು, ಒಳಕಲ್ಲಿನ ಮುಂದೆ ಕೂತು, ಅಷ್ಟೂ ಹೂರಣ ತಾನೇ ರುಬ್ಬಿಕೊಟ್ಟ. “ಯಾರಿಗೂ ಹೇಳಬ್ಯಾಡ್ರಿ” ಅಂತ ಆಣೆ ಹಾಕಿಸಿದ.

ಮಧ್ಯಾಹ್ನಕ್ಕೆ ಸರಿಯಾಗಿ ನೈವೇದ್ಯ ಆತು, ಶಿವನ ದಯೆ. ನಾನು ಯಾರಿಗೂ ಹೇಳಲಿಲ್ಲ, ಕಾಕು ಒಬ್ಬಳನ್ನು ಬಿಟ್ಟು. ಅಂದಿನಿಂದ ಕರೆಂಟ್ ಹೋದರೆ ಓಣಿಯವರೆಲ್ಲ ಆತನಿಗೆ ಫೋನ್ ಮಾಡಿ, “ಹೂರಣ ರುಬ್ಬಾಕ ಬರ್ತೀರೇನ್ರಿ?” ಅನ್ನುತ್ತಿದ್ದರು.

ಇನ್ನ ಬರೋ ಹೊಸ ಲೈನ್‌ಮನ್‌ಗೆ ರುಬ್ಬಾಕ ಬರ್ತದೋ ಇಲ್ಲೋ. ಆರಿಸಿದ ಬ್ಯಾಳಿ ಒಲೆಗಿಟ್ಟು, ಮಿಕ್ಸರ್ ಒರೆಸಿ, ಒಳಕಲ್ಲನ್ನೂ ತೊಳೆದಿಟ್ಟೆ.