ತಂಗಿಯ ಬೆನ್ನ ಬಿಸಿಗಾಳಿ

ಹೊಸೂರು ರಸ್ತೆಯ ಮೇಲ್ಸೇತುವೆ ಇನ್ನೂ ಕಟ್ಟುತ್ತಿದ್ದ ಕಾಲ. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಲ್ಯಾಬಿನಲ್ಲಿ ಜೋಡಿ ಸರ್ವರ್‌ಗಳಿದ್ದವು. ಒಂದನ್ನು ಅಕ್ಕ ಅಂತಲೂ ಇನ್ನೊಂದನ್ನು ತಂಗಿ ಅಂತಲೂ ಕರೆಯುತ್ತಿದ್ದೆವು. ಇಬ್ಬರಿಗೂ ಸೇರಿ ಒಂದೇ ಡಿಸ್ಕ್. ಒಬ್ಬಳು ಕೈಕೊಟ್ಟರೆ ಇನ್ನೊಬ್ಬಳು ಮೊದಲು, ಇಬ್ಬರ ಕರೆಂಟ್ ವೈರೂ ಸಿಕ್ಕಿಸಿದ್ದ ಪವರ್ ಸ್ವಿಚ್ಚಿಗೆ ಹೇಳಿ ಕೈಕೊಟ್ಟವಳ ಕರೆಂಟ್ ತೆಗೆಸಬೇಕು, ಆಮೇಲೆ ಡಿಸ್ಕಿಗೆ ಕೈಹಾಕಬೇಕು. ಇಬ್ಬರೂ ಒಟ್ಟಿಗೆ ಬರೆಯಲು ಕೂತರೋ, ಡಿಸ್ಕಿನಲ್ಲಿದ್ದದ್ದೆಲ್ಲ ಚಿತ್ರಾನ್ನ!

ಇವರನ್ನು ನೋಡಿಕೊಳ್ಳುತ್ತಿದ್ದವರು ನಾನು ಮತ್ತು ನನ್ನ ಗೆಳತಿ. ಅವಳು ಬಾಗಲಕೋಟೆ ಕಡೆಯವಳು. ಹೆಬ್ಬಗೋಡಿಯಲ್ಲಿ ಒಂದೇ ಕೋಣೆ ನಮ್ಮದು, ನೇತಾಡುತ್ತಿದ್ದದ್ದೂ ಒಂದೇ ಬಸ್ಸಿಗೆ. ನಾನು ಖಾಯಂ, ಅವಳು ಕಾಂಟ್ರಾಕ್ಟ್. ಕ್ಲೈಂಟ್ ಮುಂದೆ ಈ ಸರ್ವರ್ ಜೋಡಿ ಸರಿಯಾಗಿ ನಡೆದರೆ ಅವಳನ್ನೂ ಖಾಯಂ ಮಾಡುತ್ತೇವೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಅವಳು ಊರಿಗೆ ಹೊರಡಬಹುದು ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು. ಪುಣ್ಯಾತ್ಮ, ನಗುತ್ತಲೇ ಹೇಳಿದ್ದರು.

ಕ್ಲೈಂಟ್ ಬರುವುದಿದ್ದದ್ದು ದಸರಾ ರಜೆ ಮುಗಿದ ಬೆಳಿಗ್ಗೆ. ರಜೆಗೆ ಮುಂಚೆ ಆಫೀಸಿನಲ್ಲಿ ಆಯುಧಪೂಜೆ ಆಗಿತ್ತು. ವರ್ಷವಿಡೀ ಯಾರೂ ಮುಟ್ಟದ ಯಂತ್ರಗಳನ್ನು ಅವತ್ತು ಎಲ್ಲರೂ ಮುಟ್ಟುತ್ತಾರೆ. ನಾವೂ ವೈರು ಕಿತ್ತು, ಧೂಳು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಅಕ್ಕತಂಗಿಯರಿಗೆ ಚೆಂಡುಹೂವಿನ ಹಾರ ಹಾಕಿದ್ದೆವು. ವೈರುಗಳನ್ನು ಮತ್ತೆ ಸಿಕ್ಕಿಸಿದವಳು ನನ್ನ ಗೆಳತಿ.

ಆ ಬೆಳಿಗ್ಗೆ ಬೇಗ ಬಂದು, ಎಲ್ಲವನ್ನೂ ಇನ್ನೊಮ್ಮೆ ನೋಡೋಣ ಎಂದೆ.

"ಪೂಜಾಕ್ಕಿಂತ ಮೊದಲ ನೋಡೀವಲ್ಲ, ಮತ್ಯಾಕ ಬೇ?" ಎಂದಳು.

"ಸುಮ್ನೆ ಹೋಗಿ ತಂಗಿ ಹಿಂದೆ ನಿಂತ್ಕೊಳೇ. ನೀನು ಊರಿಗೆ ಹೋದ್ರೆ ನಿನ್ನ ಗೊರಕೆ ಇಲ್ದೆ ನಂಗೆ ನಿದ್ದೆ ಬರಲ್ಲ," ಎಂದು ಗದರಿದೆ. ಮೆತ್ತಗೆ ಮಾತಾಡುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ.

ಮೊದಲು ಡಿಸ್ಕ್. ಅಕ್ಕನಿಂದ ಒಂದು ಸಾಲು ಬರೆದು, ಡಿಸ್ಕನ್ನು ತಂಗಿಗೆ ವಹಿಸಿ, ಅಲ್ಲೂ ಅದು ಕಾಣುತ್ತದೆಯೇ ಎಂದು ನೋಡಬೇಕು. ಗೆಳತಿ ಪ್ರತಿಸಲ ಬರೆಯುತ್ತಿದ್ದದ್ದು "ಊಟ ಆತೇನು?" ಎಂದೇ. ಅವತ್ತೂ ತಂಗಿಯ ಸ್ಕ್ರೀನಿನಲ್ಲಿ ಅದೇ ಪ್ರಶ್ನೆ ಮೂಡಿತು.

ಆಮೇಲೆ ಪವರ್ ಸ್ವಿಚ್. ಇದರಲ್ಲಿ ನಾವು ಸ್ಕ್ರೀನನ್ನು ನಂಬುತ್ತಿರಲಿಲ್ಲ. ನಾನು ಅಕ್ಕನ ಮುಂದೆ ಕೂತು ಕಮಾಂಡ್ ಕೊಡುತ್ತಿದ್ದೆ, ಅವಳು ತಂಗಿಯ ಬೆನ್ನಿನಿಂದ ಬಿಸಿಗಾಳಿ ಬರುವಲ್ಲಿ ಅಂಗೈ ಹಿಡಿದು ನಿಲ್ಲುತ್ತಿದ್ದಳು. ಗಾಳಿ ನಿಂತರೆ ಕರೆಂಟ್ ನಿಜವಾಗಿಯೂ ಹೋಯಿತು ಎಂದರ್ಥ.

ತಂಗಿಯ ಕರೆಂಟ್ ತೆಗೆಯಲು ಕಮಾಂಡ್ ಕೊಟ್ಟು, "ಹೋಯ್ತಾ?" ಎಂದೆ.

"ಇಲ್ಲ, ಬುಸ್ ಅಂತ ಬರಾಕತ್ತೈತಿ."

ನನ್ನ ಎದುರಿನ ಸ್ಕ್ರೀನ್ ಕಪ್ಪಾಗಿತ್ತು. ಅಯ್ಯೋ ದೇವರೇ, ಅಕ್ಕ ತನ್ನ ಕರೆಂಟನ್ನೇ ತೆಗೆಸಿಕೊಂಡಿದ್ದಳು! ಪೂಜೆಯ ದಿನ ಪವರ್ ಸ್ವಿಚ್ಚಿನಲ್ಲಿ ಇಬ್ಬರ ವೈರುಗಳು ಅದಲುಬದಲಾಗಿದ್ದವು. ಗೆಳತಿ ಹಣೆ ಚಚ್ಚಿಕೊಂಡು, ಒಣಗಿದ ಹಾರ ಸರಿಸಿ, ವೈರುಗಳನ್ನು ಕಿತ್ತು ಸರಿಯಾದ ಜಾಗಕ್ಕೆ ಸಿಕ್ಕಿಸಿದಳು. ಇಬ್ಬರನ್ನೂ ಎಬ್ಬಿಸಿ ಮತ್ತೆ ಕಮಾಂಡ್ ಕೊಟ್ಟೆ.

"ಹೋಯ್ತಾ?"

"ಹೋತ್, ಹೋತ್!" ಎಂದು ಕುಣಿದೇಬಿಟ್ಟಳು. ಅಷ್ಟರಲ್ಲಿ ಕ್ಲೈಂಟ್ ಕಾರು ಗೇಟಿಗೆ ಬಂದಿತ್ತು.

ಅವರ ಮುಂದೆ ಎಲ್ಲ ಸಲೀಸಾಗಿ ನಡೆಯಿತು, ಅವಳು ಖಾಯಂ ಆದಳು. ಆದರೆ ಖಾಯಂ ಜಾಗ ಖಾಲಿಯಿದ್ದದ್ದು ವೈಟ್‌ಫೀಲ್ಡ್ ಆಫೀಸಿನಲ್ಲಿ, ಊರಿನ ಆ ತುದಿಗೆ. ಅವಳು ಮಹದೇವಪುರದಲ್ಲಿ ಕೋಣೆ ಹಿಡಿದಳು. ಸಾಮಾನು ಆಟೋಗೆ ಹಾಕುವಾಗ, "ಸ್ವೀಟ್ ಎಲ್ಲೇ, ಜಿಪುಣಿ?" ಎಂದು ರೇಗಿಸಿದೆ. ಆಟೋ ಹೊಸೂರು ರಸ್ತೆಗೆ ತಿರುಗಿದ ಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ಆ ಬೆಳಿಗ್ಗೆ ಎಲ್ಲವನ್ನೂ ಇನ್ನೊಮ್ಮೆ ನೋಡಲೇಬೇಕೆಂದು ಹಠ ಹಿಡಿದವಳು ನಾನೇ, ಇನ್ನು ಯಾರನ್ನು ಬೈಯಲಿ?

ಮುಂದಿನ ಸಲದ ಪರೀಕ್ಷೆಯಲ್ಲಿ ಅಕ್ಕನ ಮುಂದೆ ಕೂತು, ತಂಗಿಯ ಕರೆಂಟ್ ತೆಗೆಯಲು ಕಮಾಂಡ್ ಕೊಟ್ಟೆ. "ಹೋಯ್ತಾ?" ಎಂದು ಕೂಗಿಯೂ ಬಿಟ್ಟೆ.

ಆಮೇಲೆ ಎದ್ದು ಹಿಂದೆ ಹೋಗಿ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ನಾನೇ ಅಂಗೈ ಹಿಡಿದು ನೋಡಿದೆ.