‘ಕಾಣಲಿಲ್ಲ’ ಎಂದು ಬರೆಯುತ್ತಿದ್ದ ಸುಜಾತಕ್ಕ

ಸುಜಾತಕ್ಕನ ದುರ್ಬೀನು ಕೌದಿ ಹೊದ್ದುಕೊಂಡೇ ತಿರುಗಾಡುತ್ತಿತ್ತು. ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಚಳಿಗಾಲಕ್ಕೆ ಗದ್ದೆಯ ತೇವ ಏರಿ ಗಾಜು ಮಸುಕಾಗುತ್ತದೆಂದು, ಶನಿವಾರ ಮಸ್ಕಿಯವರೆಗೆ ಬಸ್ಸು, ಅಲ್ಲಿಂದ ಆಟೋ ಹಿಡಿದು ಒಣಭೂಮಿಯ ಸಂತೆಕಲ್ಲೂರಿಗೆ, ತಮ್ಮ ತವರಿಗೆ, ಹೋಗುತ್ತಿದ್ದರು. ತೊಡೆಯ ಮೇಲಿನ ಗಂಟು ನೋಡಿ ಯಾರಾದರೂ, “ಕೂಸಿಗೆ ಆರಾಮಿಲ್ಲೇನ್ರೀ?” ಎಂದರೆ, “ಆರಾಮೈತ್ರೀ, ಮಲಕ್ಕೊಂಡೈತಿ” ಅನ್ನುವರು. ನಗು ತಡೆಯಲು, ಪಕ್ಕದ ಸೀಟಿನಲ್ಲಿದ್ದ ನಾನು ಹೊರಗೆ ನೋಡುತ್ತಿದ್ದೆ.

ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದವರು ಅವರೇ. ಕಫದಲ್ಲಿ ಕಾಣದ ರೋಗಾಣುವನ್ನು ಕಂಡಿತೆಂದು ಬರೆದರೆ ಒಬ್ಬರ ಬಾಳು ಕೆಡುತ್ತದೆ. ಆಕಾಶಕ್ಕೂ ಅದೇ ಶಿಸ್ತು. ಅವರ ನೋಟ್‌ಬುಕ್ಕಿನಲ್ಲಿ ಕೃತ್ತಿಕೆಯ ಗುಂಪು ಕಂಡಿತು, ಮಹಾವ್ಯಾಧನ ನೀಹಾರಿಕೆ ಕಂಡಿತು. ವೃಷಭದ ಕೊಂಬಿನ ಹತ್ತಿರದ ಏಡಿ ನೀಹಾರಿಕೆ, ಅಂದರೆ ಸಿಡಿದು ಸತ್ತ ನಕ್ಷತ್ರದ ಮಬ್ಬು ಅವಶೇಷ, ಮಾತ್ರ ಪ್ರತಿ ಚಳಿಗಾಲವೂ ‘ಕಾಣಲಿಲ್ಲ’.

ಮೊದಲ ಸಲ ಕಣ್ಣಿಟ್ಟಾಗ ಅವರನ್ನು ಖುಷಿಪಡಿಸಲು, “ಕಾಣಾಕತ್ತೈತ್ರೀ ಅಕ್ಕಾ! ಕೆಂಪಗೈತಿ!” ಎಂದುಬಿಟ್ಟೆ.

“ಅದು ಮೊಬೈಲ್‌ನ್ಯಾಗಿನ ಫೋಟೋ, ತಮ್ಮಾ. ಈ ದುರ್ಬೀನಿನ್ಯಾಗ ಬಣ್ಣ ಎಲ್ಲಿಂದ ಬರ್ತೈತಿ? ಕಂಡದ್ದು ಹೇಳು, ಗೊತ್ತಿದ್ದದ್ದು ಬ್ಯಾಡ.”

ಮತ್ತೆ ನೋಡಿ, ಕಾಣಲಿಲ್ಲವೆಂದು ಒಪ್ಪಿಕೊಂಡೆ.

ಆಮೇಲೆ ಶುಗರ್ ಅಕ್ಕನ ಕಣ್ಣಿಗೆ ಇಳಿಯಿತು. ಕಣ್ಣು ಪೂರ್ತಿ ಹೋಗುವ ಮುಂಚೆ ಏಡಿಯನ್ನು ಒಮ್ಮೆ ನೋಡಬೇಕೆಂಬುದೊಂದೇ ಅವರ ಆಸೆ. ಕಳೆದ ಜನವರಿಯ ಒಂದು ರಾತ್ರಿ, ತವರಿನ ಮಾಳಿಗೆಯ ಮೇಲೆ ಬಹಳ ಹೊತ್ತು ಕಣ್ಣಿಟ್ಟು ನಿಂತರು. ಕೊನೆಗೆ ಸರಿದು, “ನೀ ನೋಡು” ಎಂದರು.

ಮಬ್ಬಾದದ್ದು ಓರೆನೋಟಕ್ಕೇ ಕಾಣುತ್ತದೆಂದು ಅವರು ಕಲಿಸಿದಂತೆ ತುಸು ಓರೆಯಾಗಿ ನೋಡಿದೆ. ಇತ್ತು! ಅವರಿಗೆ ಕಾಣದ್ದು ನನಗೆ ಕಂಡಿತೆಂದು ಹೇಳಲೋ ಬೇಡವೋ? ಆದರೆ ಅವರೆದುರು ಸುಳ್ಳು ಹೇಳುವುದು ಹೇಗೆ?

“ಕಂಡೈತ್ರೀ ಅಕ್ಕಾ.”

“ಹೆಂಗೈತಿ?”

“ಕನ್ನಡಿ ಮ್ಯಾಲೆ ಉಸಿರು ಬಿಟ್ಟಂಗ ಐತ್ರೀ. ಬಣ್ಣ ಇಲ್ಲ.”

“ಹಂಗಾದ್ರ ಖರೇನ ಕಂಡೈತಿ!”

“ನಿಮ್ಮ ಹೆಸರಿಲೇ ಬರೀತೀನ್ರೀ.”

“ಹುಚ್ಚ ಅದೀಯೇನು? ನನಗ ಕಾಣಲಿಲ್ಲ ಅಂತ ಬರಿ. ಅದರ ಕೆಳಗ ನಿನ್ನ ಹೆಸರು ಹಾಕಿ, ಕಂಡಿತು ಅಂತ ಬರಿ.”

ಬರೆದೆ. ಅಕ್ಕ ನನ್ನ ಕೈ ಹಿಡಿದು ಕೂರಿಸಿಕೊಂಡು, “ಹೆಂಗಿತ್ತು, ಇನ್ನೊಮ್ಮೆ ಹೇಳು” ಎಂದರು. ಹೇಳಿದೆ. ಕಣ್ಣು ಮುಚ್ಚಿ ಕೇಳಿ, ಮತ್ತೊಮ್ಮೆ ಹೇಳಿಸಿದರು.

ಆ ಮಳೆಗಾಲದಲ್ಲೇ ಅಕ್ಕ ತೀರಿಕೊಂಡರು. ಆ ರಾತ್ರಿ ಮಾಳಿಗೆಯ ಮೇಲೆ ಇನ್ನೂ ಹತ್ತು ಸಲ ಹೇಳಬಹುದಿತ್ತು.